ಇರುತಲೆ ಹಾವು ಮತ್ತು ಅಚೌರ್ಯಾಣುವ್ರತ

ನಂಜನಗೂಡು ಎಂಬ ಹೆಸರಿನಲ್ಲಿಯೇ ನಂಜು ಅಡಗಿದೆ. ಹಾಲಾಹಲವನ್ನು ಕುಡಿದು ಕಂಠದಲ್ಲಿ ತಡೆದುಕೊಂಡ ಶಿವನು ಅಲ್ಲಿ ನಂಜುಂಡೇಶ್ವರನೆಂದು ಪೂಜೆಗೊಳ್ಳುತ್ತಾನೆ. ಅಲ್ಲಿಂದ ಮುಂದೆ ಹರಿಯುವ ಕಪಿಲಾ ನದಿಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯೊಡನೆ ಕೂಡುತ್ತದೆ. ಮೈಸೂರು ಜಿಲ್ಲೆಯ ಈ ಎರಡು ತಾಲ್ಲೂಕುಗಳಲ್ಲಿ ನಾಲೆಯ ನೀರು ತಲುಪುವ ಗದ್ದೆಗಳೂ ಉಂಟು. ಮಳೆಯನ್ನೇ ನಂಬಿದ ರಾಗಿ, ಜೋಳ, ಹುರುಳಿಯ ಹೊಲಗಳೂ ಉಂಟು. ಇಂತಹ ಒಣಭೂಮಿಯ ಸಡಿಲ ಮಣ್ಣಿನಲ್ಲಿ ಹಗಲೆಲ್ಲ ಅಡಗಿದ್ದು, ಕತ್ತಲಾದ ಮೇಲೆ ಇಲಿಗಳನ್ನು ಅರಸಿ ಹೊರಬರುವ ಹಾವೊಂದಿದೆ. ಅದರಲ್ಲಿ ನಂಜೆಂಬುದು ಲವಲೇಶವೂ ಇಲ್ಲ. ಬಾಲವು ತಲೆಯಷ್ಟೇ ಮೊಂಡಾಗಿರುವುದರಿಂದ ಜನರು ಅದನ್ನು ಇರುತಲೆ ಹಾವು, ಎರಡು ತಲೆ ಹಾವು ಎಂದು ಕರೆಯುತ್ತಾರೆ; ಮಣ್ಣಿನೊಳಗೇ ಬಾಳುವುದರಿಂದ ಮಣ್ಣುಮುಕ್ಕ ಎಂಬ ಹೆಸರೂ ಅದಕ್ಕಿದೆ.

ನಂಜಿಲ್ಲದ ಈ ಜೀವಿಗೆ ಮನುಷ್ಯನ ಆಸೆಯೇ ನಂಜಾಗಿ ಪರಿಣಮಿಸಿತು. ಮನೆಯಲ್ಲಿಟ್ಟರೆ ಐಶ್ವರ್ಯ ಬರುತ್ತದೆ, ವಿದೇಶಕ್ಕೆ ಮಾರಿದರೆ ಕೋಟಿ ರೂಪಾಯಿ ಸಿಗುತ್ತದೆ ಎಂಬ ಮಾತುಗಳು ಹಬ್ಬಿ, ಹೊಲದ ಬದುವಿನಲ್ಲಿದ್ದ ಹಾವು ಚೀಲಕ್ಕೆ ಬಂದಿತು. ಅದನ್ನು ರಕ್ಷಿಸುವ ಕಾನೂನನ್ನು ದೇಶದ ಸಂಸತ್ತು ಪುನರ್ವಿಮರ್ಶೆ ಮಾಡಬೇಕಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯು 1 ಏಪ್ರಿಲ್ 2023ರಂದು ಜಾರಿಗೆ ಬಂದಾಗ, ಹಿಂದೆ ನಾಲ್ಕನೆಯ ಅನುಸೂಚಿಯಲ್ಲಿದ್ದ ಇರುತಲೆ ಹಾವು ಹುಲಿ, ಆನೆಗಳ ಸಾಲಿನಲ್ಲಿ ಮೊದಲನೆಯ ಅನುಸೂಚಿಗೆ ಏರಿತು.

ಒಂದು ಜೀವಿಯ ಸ್ಥಾನವನ್ನು ಮನುಷ್ಯನು ಪಟ್ಟಿಯಲ್ಲಿ ಮೇಲಕ್ಕೂ ಕೆಳಕ್ಕೂ ಸರಿಸುತ್ತ ಬಂದ ಈ ಇತಿಹಾಸವು ಜೈನ ಶ್ರಾವಕನಿಗೆ, ಅದರಲ್ಲಿಯೂ ವ್ಯಾಪಾರದಿಂದ ಜೀವನ ನಡೆಸುವ ಶ್ರಾವಕನಿಗೆ, ವಿಶೇಷವಾಗಿ ವಿಚಾರಾರ್ಹವಾಗಿದೆ. ಹಾವಿನ ವಿಷಯ ಬಂದಾಗ ಅಹಿಂಸಾಣುವ್ರತದ ನೆನಪು ಎಲ್ಲರಿಗೂ ಆಗುತ್ತದೆ. ಆದರೆ ಇರುತಲೆ ಹಾವನ್ನು ನಾಶದತ್ತ ತಳ್ಳುತ್ತಿರುವುದು ಕೋಲು ಹಿಡಿದವನ ಕೈಗಿಂತ ಹೆಚ್ಚಾಗಿ ಹಣ ಹಿಡಿದವನ ಕೈ. ಆದ್ದರಿಂದ ಈ ಪ್ರಶ್ನೆಯು ಮೂರನೆಯ ಅಣುವ್ರತವಾದ ಅಚೌರ್ಯಕ್ಕೂ ಅಷ್ಟೇ ಸಂಬಂಧಿಸಿದೆ.

ಜಿನಪರಂಪರೆಯಲ್ಲಿ ಸರ್ಪ

ಜೈನರ ಮನೆಯ ಮಗುವಿಗೆ ಹಾವಿನ ಪರಿಚಯ ಮೊದಲು ಆಗುವುದು ಬಸದಿಯಲ್ಲಿ. ಇಪ್ಪತ್ತಮೂರನೆಯ ತೀರ್ಥಂಕರ ಪಾರ್ಶ್ವನಾಥ ಸ್ವಾಮಿಯ ಮಸ್ತಕದ ಮೇಲೆ ಹೆಡೆಯ ಕೊಡೆ ಇದೆ. ಪಂಚಾಗ್ನಿಯ ಮಧ್ಯದಲ್ಲಿ ತಪಸ್ಸು ಮಾಡುತ್ತಿದ್ದ ತಾಪಸನು ಉರಿಗೆ ಒಡ್ಡಿದ ಕಟ್ಟಿಗೆಯೊಳಗೆ ನಾಗದಂಪತಿಗಳಿರುವುದನ್ನು ರಾಜಕುಮಾರ ಪಾರ್ಶ್ವನು ತಿಳಿದು ಎಚ್ಚರಿಸಿದ ಕಥೆಯನ್ನು ಪುರಾಣಗಳು ಹೇಳುತ್ತವೆ. ಪ್ರಾಣ ಬಿಡುವಾಗ ಕರುಣೆಯ ಮಾತನ್ನು ಕೇಳಿದ ಆ ಜೀವಗಳೇ ಧರಣೇಂದ್ರ ಪದ್ಮಾವತಿಯರಾಗಿ ಜನಿಸಿದರೆಂಬುದು ಪರಂಪರೆಯ ನಂಬಿಕೆ. ಶ್ರವಣಬೆಳಗೊಳದಲ್ಲಿ ಗಂಗರ ಮಂತ್ರಿ ಚಾವುಂಡರಾಯನು ಸುಮಾರು 981ರಲ್ಲಿ ಪ್ರತಿಷ್ಠಾಪಿಸಿದ ಗೊಮ್ಮಟೇಶ್ವರನ ಇಕ್ಕೆಲಗಳಲ್ಲಿಯೂ ಹುತ್ತಗಳಿವೆ. ಅವುಗಳಿಂದ ಸರ್ಪಗಳು ಹೊರಬರುತ್ತಿವೆ. ಯೋಗಿಯು ಹಾವಿಗೆ ಹೆದರಲಿಲ್ಲ. ಹಾವೂ ಯೋಗಿಗೆ ಹೆದರಲಿಲ್ಲ.

ಆ ಗಂಗರ ರಾಜಧಾನಿಯಾಗಿದ್ದ ತಲಕಾಡು ಇಂದಿನ ತಿ. ನರಸೀಪುರ ತಾಲ್ಲೂಕಿನಲ್ಲಿಯೇ ಇದೆ. ನಂಜನಗೂಡು ತಾಲ್ಲೂಕಿನ ಕವಲಂದೆಯಿಂದ ಮುಂದೆ ಸಾಗಿದರೆ, ಹಿಂದೆ ಮೈಸೂರು ಜಿಲ್ಲೆಗೇ ಸೇರಿದ್ದು 1997ರಲ್ಲಿ ಚಾಮರಾಜನಗರ ಜಿಲ್ಲೆಗೆ ಸೇರಿದ ಮಲೆಯೂರಿನ ಕನಕಗಿರಿ ಕ್ಷೇತ್ರವು ಸಿಗುತ್ತದೆ. ಆ ಬೆಟ್ಟದ ಮೇಲಿನ ಬಸದಿಯೂ ಪಾರ್ಶ್ವನಾಥ ಸ್ವಾಮಿಯದೇ. ಆಚಾರ್ಯ ಪೂಜ್ಯಪಾದರ ಹೆಸರಿನೊಡನೆ ಕನಕಗಿರಿಯು ಬೆಸೆದುಕೊಂಡಿದೆ. ಗಂಗ ದೊರೆ ದುರ್ವಿನೀತನಿಗೆ ಅವರು ಗುರುಗಳಾಗಿದ್ದರೆಂದೂ ಪರಂಪರೆ ಹೇಳುತ್ತದೆ. ತತ್ತ್ವಾರ್ಥಸೂತ್ರಕ್ಕೆ ಅವರು ಬರೆದ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನವು ಇರುತಲೆ ಹಾವಿನ ವಿಚಾರದಲ್ಲಿ ಹೇಗೆ ಬೆಳಕು ನೀಡುತ್ತದೆಂಬುದು ಮುಂದೆ ಸ್ಪಷ್ಟವಾಗುತ್ತದೆ.

ಜೈನ ಸಿದ್ಧಾಂತದಲ್ಲಿ ಹಾವು ಪಂಚೇಂದ್ರಿಯ ತಿರ್ಯಂಚ ಜೀವಿ. ಜೀವಿಗಳನ್ನು ಒಂದು ಇಂದ್ರಿಯದಿಂದ ಐದು ಇಂದ್ರಿಯಗಳವರೆಗೆ ವಿಂಗಡಿಸಿದ ಆಚಾರ್ಯರು ಅಪರೂಪವಾದುದು, ಸಾಮಾನ್ಯವಾದುದು ಎಂಬ ಭೇದವನ್ನು ಎಣಿಸಲಿಲ್ಲ. ಕಟ್ಟಿಗೆಯೊಳಗಿದ್ದ ಹಾವುಗಳು ಯಾವ ಜಾತಿಯವು, ಅವುಗಳಿಗೆ ಪೇಟೆಯಲ್ಲಿ ಬೆಲೆಯೆಷ್ಟು ಎಂದು ಪಾರ್ಶ್ವಕುಮಾರನು ಕೇಳಲಿಲ್ಲ. ನೋವನ್ನು ಅರಿಯುವ ಜೀವವೆಂಬುದೊಂದೇ ಅಲ್ಲಿ ಸಾಕಾಯಿತು.

ಬೇಟೆಯ ಕಾನೂನಿನಿಂದ ಜೀವರಕ್ಷಣೆಯ ಕಾನೂನಿಗೆ

ಇರುತಲೆ ಹಾವಿಗೆ ವಿಜ್ಞಾನದ ಹೆಸರು ದೊರೆತದ್ದು 1801ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿ ದಕ್ಷಿಣ ಭಾರತದ ಹಾವುಗಳನ್ನು ಅಭ್ಯಾಸ ಮಾಡಿದ ವೈದ್ಯ ಪ್ಯಾಟ್ರಿಕ್ ರಸೆಲ್ ಅದನ್ನು ವರ್ಣಿಸಿ, ತರಂಗಂಬಾಡಿಯ ಪಾದ್ರಿ ಕ್ರಿಸ್ಟೋಫ್ ಸಾಮ್ಯುಯೆಲ್ ಜಾನ್ ಅವರ ಹೆಸರನ್ನು ಸೇರಿಸಿದನು. ಇಂದಿಗೂ ಶಾಸ್ತ್ರೀಯವಾಗಿ ಅದು ಎರಿಕ್ಸ್ ಜಾನಿಯೈ ಎಂದೇ ಕರೆಸಿಕೊಳ್ಳುತ್ತದೆ. ಹೆಸರೇನೋ ದೊರೆಯಿತು, ರಕ್ಷಣೆ ಮಾತ್ರ ದೊರೆಯಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಇಂಡಿಯಾದ ಸರ್ಕಾರವು ಹಾವುಗಳನ್ನು ಕೊಂದು ತಂದವರಿಗೆ ಬಹುಮಾನ ಕೊಡುತ್ತಿತ್ತು. ಹಾವಿನ ಕಡಿತದಿಂದ ಸಾಯುವ ಜನರ ಸಂಖ್ಯೆಯನ್ನು ತಗ್ಗಿಸುವುದು ಅದರ ಉದ್ದೇಶವಾಗಿತ್ತು. ಕತ್ತಲಲ್ಲಿ ಬೀಸಿದ ಕೋಲಿಗೆ ವಿಷವಿರುವ ಹಾವು, ವಿಷವಿಲ್ಲದ ಹಾವು ಎಂಬ ವಿವೇಚನೆ ಇರಲು ಸಾಧ್ಯವಿರಲಿಲ್ಲ.

ಮೈಸೂರು ಸಂಸ್ಥಾನದಲ್ಲಿ 1901ರಲ್ಲಿ ಬೇಟೆಯ ಪ್ರಾಣಿಗಳು ಮತ್ತು ಮೀನುಗಳ ಸಂರಕ್ಷಣೆಗೆಂದು ರೆಗ್ಯುಲೇಷನ್ ಬಂದಿತು. ಬೇಟೆಗೆ ಬೇಕಾದ ಪ್ರಾಣಿಗಳು ಮುಗಿದುಹೋಗಬಾರದೆಂಬುದು ಆ ಕಾಲದ ಇಂತಹ ಕಾನೂನುಗಳ ಮೂಲಭಾವ. 1931ರಲ್ಲಿ ಬಂಡೀಪುರದಲ್ಲಿ ಅಭಯಾರಣ್ಯವಾಯಿತು. 1941ರಲ್ಲಿ ಅದನ್ನು ವಿಸ್ತರಿಸಿ ಹಿಮವದ್ ಗೋಪಾಲಸ್ವಾಮಿಯ ಹೆಸರಿನಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದು ಕರೆದರು. ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಕಾಡು ಇಂದು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದಲ್ಲಿಯೇ ಇದೆ. ಕಾಡಿನ ದೊಡ್ಡ ಪ್ರಾಣಿಗಳಿಗೆ ಹೀಗೆ ಒಂದು ಆಶ್ರಯ ಏರ್ಪಟ್ಟಿತು. ಹೊಲದ ಬದುವಿನಲ್ಲಿ, ಕಲ್ಲುರಾಶಿಯಲ್ಲಿ, ಇಲಿಯ ಬಿಲದಲ್ಲಿ ಬಾಳುವ ಹಾವು ಯಾವ ಅಭಯಾರಣ್ಯದ ಎಲ್ಲೆಗೂ ಸೇರಲಿಲ್ಲ.

ವನ್ಯಜೀವಿ ಸಂರಕ್ಷಣಾ ಕಾಯಿದೆಯು 1972ರಲ್ಲಿ ಬಂದ ಮೇಲೆ ದೃಷ್ಟಿ ಬದಲಾಯಿತು. ಅದರಲ್ಲಿ ಬೇಟೆ ಎಂಬ ಶಬ್ದದ ಅರ್ಥವೇ ವಿಶಾಲವಾಗಿದೆ. ಕೊಲ್ಲುವುದು ಮಾತ್ರವಲ್ಲದೆ ಹಿಡಿಯುವುದು, ಬಲೆಯೊಡ್ಡುವುದು, ಅಟ್ಟುವುದು ಕೂಡ ಬೇಟೆಯೆನಿಸುತ್ತದೆ. ಕಾಯಿದೆಗೆ ವಿರುದ್ಧವಾಗಿ ಹಿಡಿದ ವನ್ಯಪ್ರಾಣಿಯು ರಾಜ್ಯ ಸರ್ಕಾರದ ಸ್ವತ್ತು ಎಂದೂ ಅದು ಸಾರುತ್ತದೆ. 1976ರಲ್ಲಿ ಅಂಗೀಕಾರವಾದ ಸಂವಿಧಾನದ 42ನೆಯ ತಿದ್ದುಪಡಿಯು ಜೀವಿಗಳಲ್ಲಿ ಕರುಣೆ ತೋರುವುದನ್ನು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವನ್ನಾಗಿ ಮಾಡಿತು. ಅದೇ ವರ್ಷ ವನ್ಯಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದಕ್ಕೂ ಭಾರತವು ಸೇರಿತು. ಅದುವರೆಗೆ ಹಾವಿನ ಚರ್ಮವು ದೊಡ್ಡ ಪ್ರಮಾಣದಲ್ಲಿ ದೇಶದಿಂದ ರಫ್ತಾಗುತ್ತಿದ್ದುದನ್ನು ನೆನೆದರೆ, ಆ ದಶಕದ ಬದಲಾವಣೆಯ ಮಹತ್ವ ತಿಳಿಯುತ್ತದೆ.

ಆದರೂ ಕಾಯಿದೆಯ ಕರುಣೆಗೆ ಮೆಟ್ಟಿಲುಗಳಿದ್ದವು. ಹೆಬ್ಬಾವು ಮೊದಲನೆಯ ಅನುಸೂಚಿಯಲ್ಲಿತ್ತು. ನಾಗರ ಹಾವು, ಕಾಳಿಂಗ ಸರ್ಪ, ಕೊಳಕುಮಂಡಲ, ಕೇರೆ ಹಾವುಗಳು ಎರಡನೆಯ ಅನುಸೂಚಿಯ ಎರಡನೆಯ ಭಾಗಕ್ಕೆ ಸೇರಿದವು. ಉಳಿದ ಹಾವುಗಳೊಡನೆ ಇರುತಲೆ ಹಾವನ್ನು ನಾಲ್ಕನೆಯದರಲ್ಲಿ ಇಟ್ಟಿದ್ದರು. ಐದನೆಯ ಅನುಸೂಚಿಯು ಉಪದ್ರವಕಾರಿ ಪ್ರಾಣಿಗಳದು. ಇಲಿ, ಕಾಗೆ, ಹಣ್ಣು ತಿನ್ನುವ ಬಾವಲಿಗಳು ಅದರಲ್ಲಿದ್ದು, ಅವುಗಳಿಗೆ ಯಾವ ರಕ್ಷಣೆಯೂ ಇರಲಿಲ್ಲ. ನಾಲ್ಕನೆಯ ಅನುಸೂಚಿಯ ಜೀವಿಗಳ ವಿಷಯದಲ್ಲಿ ತಪ್ಪು ಮಾಡಿದವನಿಗೆ ಮೂರು ವರ್ಷಗಳವರೆಗೆ ಸೆರೆ ಅಥವಾ 25,000 ರೂಪಾಯಿಗಳವರೆಗೆ ದಂಡ, ಇಲ್ಲವೇ ಎರಡೂ ಆಗಬಹುದಿತ್ತು. ಕೋಟಿಯ ಕನಸು ಕಾಣುವವನಿಗೆ ಆ ದಂಡವು ವ್ಯಾಪಾರದ ಒಂದು ಖರ್ಚಿನಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಬೆಲೆ ಹುಟ್ಟಿದ ಬಗೆ

ಹಿಂದಿನ ತಲೆಮಾರಿನವರಿಗೆ ಮಣ್ಣುಮುಕ್ಕ ಹಾವಿನ ವಿಷಯದಲ್ಲಿದ್ದುದು ಆಸೆಯಲ್ಲ, ಅಸಹ್ಯ. ಅದು ನೆಕ್ಕಿದರೆ ತೊನ್ನೋ ಕುಷ್ಠವೋ ಬರುತ್ತದೆಂದು ಹಳ್ಳಿಗಳಲ್ಲಿ ಹೇಳುತ್ತಿದ್ದರು. ಆ ಮಾತಿಗೆ ಆಧಾರವಿಲ್ಲ. ಆದರೂ ಆ ಭಯವು ಹಾವನ್ನು ಮನುಷ್ಯನ ಕೈಯಿಂದ ಎಷ್ಟೋ ಮಟ್ಟಿಗೆ ದೂರವಿಟ್ಟಿತ್ತು. ಹಾವಾಡಿಸುವವರು ಕೆಲವರು ಅದರ ಬಾಲದ ತುದಿಯನ್ನು ಗಾಯಗೊಳಿಸಿ, ಬಾಯಿ ಕಣ್ಣುಗಳಿರುವಂತೆ ತೋರಿಸಿ, ಆರು ತಿಂಗಳು ಒಂದು ಕಡೆ, ಆರು ತಿಂಗಳು ಇನ್ನೊಂದು ಕಡೆ ಚಲಿಸುತ್ತದೆಂದು ನಂಬಿಸಿ ಕಾಸು ಸಂಪಾದಿಸುತ್ತಿದ್ದರು.

ಎರಡು ತಲೆಯ ಕಥೆಗೆ ಮೂಲವಾದುದು ಆ ಜೀವಿಯ ಆತ್ಮರಕ್ಷಣೆಯ ಉಪಾಯ. ಅಪಾಯ ಬಂದಾಗ ಅದು ತಲೆಯನ್ನು ಸುರುಳಿಯೊಳಗೆ ಮರೆಮಾಡಿ ಮೊಂಡು ಬಾಲವನ್ನು ಎತ್ತಿ ತೋರಿಸುತ್ತದೆ. ವೈರಿಯು ಬಾಲವನ್ನು ತಲೆಯೆಂದು ಭ್ರಮಿಸಿ ಅಲ್ಲಿ ಕಚ್ಚಿದರೆ ಪ್ರಾಣ ಉಳಿಯುತ್ತದೆ. ನರಿಯನ್ನೋ ಹದ್ದನ್ನೋ ಮೋಸಗೊಳಿಸಲು ಪ್ರಕೃತಿಯು ಕೊಟ್ಟ ಈ ಸಾಧನವು ಮನುಷ್ಯನ ಮುಂದೆ ವಿಪರೀತ ಫಲವನ್ನು ಕೊಟ್ಟಿತು. ಬುದ್ಧಿವಂತನೆನಿಸಿದವನೂ ಬಾಲವನ್ನು ತಲೆಯೆಂದೇ ನಂಬಿದನು.

ಕಾಲಕ್ರಮದಲ್ಲಿ ಅಸಹ್ಯದ ಜಾಗದಲ್ಲಿ ಅಪೇಕ್ಷೆ ಬಂದಿತು. ಹಾವಿನಿಂದ ನಿಧಿ ಸಿಗುತ್ತದೆ, ವಾಮಾಚಾರಕ್ಕೆ ಬೇಕಾಗುತ್ತದೆ, ವಾಸಿಯಾಗದ ರೋಗಗಳಿಗೆ ಔಷಧ ಆಗುತ್ತದೆ, ಪುರುಷತ್ವ ಹೆಚ್ಚಿಸುತ್ತದೆ ಎಂಬ ಹಲವು ಸುಳ್ಳುಗಳು ಸೇರಿ ಒಂದು ಪೇಟೆಯನ್ನೇ ನಿರ್ಮಿಸಿದವು. ಬೆಲೆಯನ್ನು ತೂಕದ ಮೇಲೆ ಹೇಳುವ ರೂಢಿ ಬಂದಿತು. ತೂಕ ಹೆಚ್ಚಿಸುವುದಕ್ಕಾಗಿ ಹಾವಿನ ಒಡಲಿಗೆ ಲೋಹವನ್ನು ಸೇರಿಸಿದ ಕ್ರೌರ್ಯವೂ ವರದಿಯಾಗಿದೆ. ತೂಕದ ಹಾವೇ ಬೇಕೆಂದಾಗ ಮೊದಲು ಚೀಲ ಸೇರುವುದು ಪೂರ್ತಿ ಬೆಳೆದ, ಮರಿ ಹಾಕುವ ವಯಸ್ಸಿನ ಹಾವುಗಳು. ಇರುತಲೆ ಹಾವು ಮೊಟ್ಟೆಯಿಡದೆ ಮರಿಗಳನ್ನೇ ಹಾಕುತ್ತದೆ. ಆದುದರಿಂದ ಒಂದು ದೊಡ್ಡ ಹೆಣ್ಣು ಹಾವು ಹೊಲದಿಂದ ಹೋದರೆ ಮುಂದಿನ ಸಂತತಿಯೂ ಅದರೊಡನೆಯೇ ಹೋದಂತಾಗುತ್ತದೆ.

ವನ್ಯಜೀವಿ ಸಂರಕ್ಷಣೆಯಲ್ಲಿ ತೊಡಗಿರುವ ಡಬ್ಲ್ಯೂಸಿಎಸ್ ಇಂಡಿಯಾ ಸಂಸ್ಥೆಯು ಮಾಧ್ಯಮಗಳ ವರದಿಗಳನ್ನು ಆಧರಿಸಿ ಲೆಕ್ಕ ಹಾಕಿದಾಗ, 2016ರಿಂದ 2021ರವರೆಗೆ ಭಾರತದಲ್ಲಿ ಈ ಒಂದು ಜಾತಿಯ ಹಾವಿನ ಅಕ್ರಮ ವ್ಯಾಪಾರದ 172 ಪ್ರಸಂಗಗಳು ಕಂಡುಬಂದವು. ಇವು ಬೆಳಕಿಗೆ ಬಂದವು ಮಾತ್ರ. ಕರ್ನಾಟಕದ ದಿನಪತ್ರಿಕೆಗಳ ಓದುಗರಿಗೂ ಎರಡು ತಲೆ ಹಾವಿನ ಮಾರಾಟ, ಬಂಧನ ಎಂಬ ಶೀರ್ಷಿಕೆಗಳು ಹೊಸವಲ್ಲ. ಹಿಡಿದವನಿಂದ ದಲ್ಲಾಳಿಗೆ, ದಲ್ಲಾಳಿಯಿಂದ ಇನ್ನೊಬ್ಬ ದಲ್ಲಾಳಿಗೆ ಹಾವು ಸಾಗುತ್ತದೆ. ಪ್ರತಿಯೊಬ್ಬನೂ ಮುಂದಿನವನು ಕೋಟಿ ಕೊಡುತ್ತಾನೆಂದು ನಂಬಿ ಮುಂಗಡ ಕೊಡುತ್ತಾನೆ. ಪೆಟ್ಟಿಗೆಯಲ್ಲಿ ಬಿದ್ದಿರುವ ಜೀವ ಮಾತ್ರ ಅನ್ನಾಹಾರವಿಲ್ಲದೆ ಸೊರಗುತ್ತದೆ.

ಪುನರ್ವಿಮರ್ಶೆ ಮತ್ತು ಅದರ ಮಿತಿ

ಕಾಯಿದೆಯ ತಿದ್ದುಪಡಿ ಮಸೂದೆಯು 17 ಡಿಸೆಂಬರ್ 2021ರಂದು ಲೋಕಸಭೆಯಲ್ಲಿ ಮಂಡನೆಯಾಯಿತು. ಜೈರಾಮ್ ರಮೇಶ್ ಅವರ ಅಧ್ಯಕ್ಷತೆಯ ಸಂಸದೀಯ ಸ್ಥಾಯೀ ಸಮಿತಿಯು ಅದನ್ನು ಪರಿಶೀಲಿಸಿ, ಅನುಸೂಚಿಗಳಲ್ಲಿ ಬಿಟ್ಟುಹೋದ ಹಾಗೂ ತಪ್ಪು ಸ್ಥಾನದಲ್ಲಿದ್ದ ಜೀವಜಾತಿಗಳನ್ನು ಎತ್ತಿ ತೋರಿಸಿತು. 2022ರ ಆಗಸ್ಟಿನಲ್ಲಿ ಲೋಕಸಭೆಯೂ ಡಿಸೆಂಬರಿನಲ್ಲಿ ರಾಜ್ಯಸಭೆಯೂ ಮಸೂದೆಯನ್ನು ಅಂಗೀಕರಿಸಿದವು. ಆರು ಅನುಸೂಚಿಗಳು ನಾಲ್ಕಾದವು. ಉಪದ್ರವಕಾರಿ ಪ್ರಾಣಿಗಳ ಪ್ರತ್ಯೇಕ ಅನುಸೂಚಿಯನ್ನು ತೆಗೆದುಹಾಕಲಾಯಿತು. ಆದರೆ ಅಧಿಸೂಚನೆಯ ಮೂಲಕ ಹಾಗೆ ಘೋಷಿಸುವ ಅಧಿಕಾರ ಕೇಂದ್ರ ಸರ್ಕಾರದಲ್ಲಿಯೇ ಉಳಿಯಿತು. ಮೊದಲನೆಯ ಅನುಸೂಚಿಯ ಜೀವಿಗೆ ಸಂಬಂಧಿಸಿದ ಅಪರಾಧಕ್ಕೆ ಮೂರರಿಂದ ಏಳು ವರ್ಷಗಳ ಸೆರೆ ಮತ್ತು 25,000 ರೂಪಾಯಿಗಳಿಗೆ ಕಡಿಮೆಯಿಲ್ಲದ ದಂಡ ನಿಗದಿಯಾಗಿದೆ. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇರುತಲೆ ಹಾವು ಅಪಾಯಕ್ಕೆ ಸಮೀಪವಾದ ಜಾತಿಯೆಂದು ಗುರುತಿಸಲ್ಪಟ್ಟಿದೆ; ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿಯೂ ಅದು ಇದೆ.

ಈ ಏರಿಕೆಯು ಸ್ವಾಗತಾರ್ಹವೇ ಸರಿ. ಅಪರಾಧದ ಗುರುತ್ವವನ್ನು ಶಿಕ್ಷೆಯು ಸೂಚಿಸುತ್ತದೆ. ಅಧಿಕಾರಿಗಳೂ ನ್ಯಾಯಾಲಯಗಳೂ ಮೊದಲನೆಯ ಅನುಸೂಚಿಯ ಪ್ರಕರಣವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ಸರ್ಕಾರವೇ ಇಷ್ಟು ಬಿಗಿಯಾಗಿ ಕಾಯುತ್ತದೆಂದ ಮೇಲೆ ಆ ಹಾವಿನಲ್ಲಿ ಏನೋ ಬೆಲೆಯಿರಲೇಬೇಕು ಎಂದು ಮೋಸಗಾರನು ವಾದಿಸಬಲ್ಲನು. ಹೊಲದಲ್ಲಿ ಹಾವನ್ನು ಕಂಡ ಬಡ ರೈತನಿಗೆ ದಲ್ಲಾಳಿಯ ಮಾತು ಮೊದಲು ತಲುಪುತ್ತದೆ, ಕಾಯಿದೆಯ ಮಾತು ಪೊಲೀಸರೊಡನೆ ಆಮೇಲೆ ಬರುತ್ತದೆ. ವಶಪಡಿಸಿಕೊಂಡ ಹಾವನ್ನು ಯಾವ ಹೊಲದಿಂದ ತಂದರೆಂಬುದು ತಿಳಿಯದಿದ್ದಾಗ ಅದರ ಮೂಲಸ್ಥಾನಕ್ಕೆ ಮರಳಿಸುವುದೂ ಕಷ್ಟ. ಅನುಸೂಚಿಯು ಹಾವನ್ನು ಹಿಡಿದವನನ್ನು ದಂಡಿಸಬಲ್ಲುದು. ಕೊಳ್ಳುವ ಆಸೆಯನ್ನು ಅಳಿಸುವುದು ಅದರ ಶಕ್ತಿಗೆ ಮೀರಿದ್ದು. ಅಲ್ಲಿಂದ ಮುಂದೆ ವ್ರತದ ಕೆಲಸ ಆರಂಭವಾಗುತ್ತದೆ.

ಐದು ಅತಿಚಾರಗಳ ಬೆಳಕಿನಲ್ಲಿ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ವರ್ತಕ ಗೃಹಸ್ಥನನ್ನು ಕಣ್ಣಮುಂದಿಟ್ಟುಕೊಂಡು ರಚಿಸಿದಂತಿರುವ ಆ ಐದೂ ಇರುತಲೆ ಹಾವಿನ ವ್ಯಾಪಾರಕ್ಕೆ ಒಂದೊಂದಾಗಿ ಅನ್ವಯಿಸುತ್ತವೆ.

ಮೊದಲನೆಯದು ಸ್ತೇನಪ್ರಯೋಗ, ಅಂದರೆ ಕಳ್ಳನನ್ನು ಪ್ರೇರಿಸುವುದು. ತಾನೇ ಪ್ರೇರಿಸುವುದು, ಇನ್ನೊಬ್ಬರಿಂದ ಪ್ರೇರಿಸುವುದು, ಪ್ರೇರಣೆಗೆ ಸಮ್ಮತಿಸುವುದು ಈ ಮೂರನ್ನೂ ಪೂಜ್ಯಪಾದರು ಇದರಲ್ಲಿ ಸೇರಿಸುತ್ತಾರೆ. ಹಾವು ಸಿಕ್ಕರೆ ಹೇಳು, ಗಿರಾಕಿ ಇದ್ದಾರೆ ಎಂಬ ಒಂದು ಮಾತು, ಅಂಗಡಿಯ ಗದ್ದುಗೆಯ ಮೇಲೆ ಕುಳಿತು ಆಡಿದ್ದಾದರೂ, ಇದರಿಂದ ಹೊರಗಾಗುವುದಿಲ್ಲ. ಎರಡನೆಯದು ತದಾಹೃತಾದಾನ, ತಾನು ಪ್ರೇರಿಸದೆ ಇದ್ದರೂ ಕಳ್ಳನು ತಂದುದನ್ನು ಸ್ವೀಕರಿಸುವುದು. ಅವನಾಗಿಯೇ ತಂದ, ಬೇಡವೆನ್ನಲಾಗಲಿಲ್ಲ ಎಂಬ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ. ಅಕ್ರಮವಾಗಿ ಹಿಡಿದ ವನ್ಯಪ್ರಾಣಿಯು ಕಾಯಿದೆಯ ಪ್ರಕಾರ ಸರ್ಕಾರದ ಸ್ವತ್ತಾಗಿರುವುದರಿಂದ, ಅದನ್ನು ಪಡೆದವನು ಲೋಕದ ದೃಷ್ಟಿಯಲ್ಲಿಯೂ ಕಳವಿನ ಮಾಲನ್ನು ಪಡೆದವನೇ.

ಮೂರನೆಯದು ವಿರುದ್ಧರಾಜ್ಯಾತಿಕ್ರಮ. ರಾಜ್ಯದ ವ್ಯವಸ್ಥೆ ಕೆಟ್ಟಿರುವಾಗ ಬೆಲೆಬಾಳುವ ವಸ್ತುವನ್ನು ಅಲ್ಪಬೆಲೆಗೆ ಪಡೆಯುವ ಹವಣಿಕೆಯನ್ನು ಪೂಜ್ಯಪಾದರು ಇದರಲ್ಲಿ ಗುರುತಿಸಿದ್ದಾರೆ. ರಾಜ್ಯದ ನಿಯಮವನ್ನು ಮೀರಿದ ವ್ಯವಹಾರವೆಂಬ ಅರ್ಥವೂ ರೂಢಿಯಲ್ಲಿದೆ. ರೈತನಿಗೆ ಕೆಲವು ಸಾವಿರ ಕೊಟ್ಟು ಕೋಟಿ ಗಳಿಸುವ ಲೆಕ್ಕಾಚಾರಕ್ಕೆ ಎರಡು ಅರ್ಥಗಳೂ ಹೊಂದುತ್ತವೆ. ನಾಲ್ಕನೆಯದು ಹೀನಾಧಿಕಮಾನೋನ್ಮಾನ, ಅಂದರೆ ತೂಕ ಅಳತೆಗಳಲ್ಲಿ ಮೋಸ. ಹಿಂದಿನ ಕಾಲದಲ್ಲಿ ತಕ್ಕಡಿಯ ಬಟ್ಟಿನಲ್ಲಿ ನಡೆಯುತ್ತಿದ್ದ ಮೋಸವು ಇಲ್ಲಿ ಜೀವಂತ ಪ್ರಾಣಿಯ ಒಡಲಿನೊಳಗೆ ನಡೆಯುತ್ತದೆ. ಐದನೆಯದು ಪ್ರತಿರೂಪಕ ವ್ಯವಹಾರ; ಕೃತಕವಾದುದನ್ನು ನಿಜವೆಂದು ಮಾರುವುದು. ಒಂದು ತಲೆಯ ಹಾವನ್ನು ಎರಡು ತಲೆಯದೆಂದೂ, ಇಲಿ ತಿಂದು ಬದುಕುವ ಜೀವಿಯನ್ನು ಲಕ್ಷ್ಮಿಯನ್ನು ಕರೆತರುವ ವಸ್ತುವೆಂದೂ ಮಾರುವುದಕ್ಕಿಂತ ದೊಡ್ಡ ಪ್ರತಿರೂಪಕ ಯಾವುದಿದೆ?

ಅಹಿಂಸಾಣುವ್ರತದ ಅತಿಚಾರಗಳಾದ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧಗಳನ್ನು ಇದರೊಡನೆ ಇಟ್ಟು ನೋಡಬಹುದು. ಚೀಲದಲ್ಲಿ ಕಟ್ಟಿಡುವುದು ಬಂಧ. ಬಾಲವನ್ನು ಕೊರೆಯುವುದು ಛೇದ. ತಿಂಗಳುಗಟ್ಟಲೆ ಆಹಾರವಿಲ್ಲದೆ ಇಡುವುದು ಅನ್ನಪಾನನಿರೋಧ. ಎರಡು ವ್ರತಗಳು ಒಂದೇ ವ್ಯವಹಾರದಲ್ಲಿ ಹೀಗೆ ಒಟ್ಟಿಗೆ ಭಂಗವಾಗುವ ಉದಾಹರಣೆ ವಿರಳ. ಹದಿಮೂರನೆಯ ಶತಮಾನದ ಪಂಡಿತ ಆಶಾಧರನು ಸಾಗಾರಧರ್ಮಾಮೃತದಲ್ಲಿ ಶ್ರಾವಕನು ತೊರೆಯಬೇಕಾದ ಹದಿನೈದು ಖರಕರ್ಮಗಳನ್ನು ಹೇಳುವಾಗ, ದಂತವಾಣಿಜ್ಯ ಮೊದಲಾದ ಪ್ರಾಣಿಮೂಲದ ವ್ಯಾಪಾರಗಳನ್ನು ಸೇರಿಸಿದ್ದಾನೆ. ಕಾಡಿನಲ್ಲಿ ಆನೆಯನ್ನು ಕೊಂದವನು ಬೇರೆ, ದಂತವನ್ನು ಕೊಂಡವನು ಬೇರೆ ಎಂಬ ವಾದವನ್ನು ಶ್ರಾವಕಾಚಾರವು ಅಂದಿಗೇ ಒಪ್ಪಲಿಲ್ಲ.

ಬಿಡುಗಡೆಗಾಗಿ ಕೊಳ್ಳಬಹುದೇ?

ಇಲ್ಲಿ ಸಜ್ಜನ ಶ್ರಾವಕರನ್ನು ಕಾಡುವ ಒಂದು ಪ್ರಶ್ನೆಯಿದೆ. ಅಭಯದಾನವು ಶ್ರೇಷ್ಠ ದಾನ. ಕಟುಕನ ಕೈಯಿಂದ ಕುರಿಯನ್ನೋ ಬೇಡನ ಬಲೆಯಿಂದ ಹಕ್ಕಿಯನ್ನೋ ಹಣ ಕೊಟ್ಟು ಬಿಡಿಸುವುದು ಜೈನ ಮನೆತನಗಳಲ್ಲಿ ಪುಣ್ಯಕಾರ್ಯವೆಂದು ನಡೆದುಬಂದಿದೆ. ಹಾಗಿರುವಾಗ ಹಾವು ಹಿಡಿದು ತಂದವನಿಗೆ ಹಣ ಕೊಟ್ಟು ಅದನ್ನು ಬಿಡಿಸಿದರೆ ತಪ್ಪೇನು?

ಉದ್ದೇಶವು ಶುದ್ಧವಾಗಿರಬಹುದು, ಆದರೆ ಹಣಕ್ಕೆ ಉದ್ದೇಶವು ಅಂಟಿಕೊಂಡಿರುವುದಿಲ್ಲ. ಒಂದು ಹಾವಿಗೆ ಬೆಲೆ ಪಡೆದವನು ನಾಳೆ ಎರಡು ಹಾವುಗಳನ್ನು ಅರಸಿ ಹೊಲಕ್ಕೆ ಹೋಗುತ್ತಾನೆ. ಬಿಡುಗಡೆಯ ಸಲುವಾಗಿ ಕೊಟ್ಟ ಹಣವೇ ಮುಂದಿನ ಬಂಧನಕ್ಕೆ ಬಂಡವಾಳವಾಗುತ್ತದೆ. ಇದು ಕರುಣೆಯ ವೇಷದಲ್ಲಿ ಬರುವ ತದಾಹೃತಾದಾನ. ಮೊದಲನೆಯ ಅನುಸೂಚಿಯ ಜೀವಿಯನ್ನು ಕೊಳ್ಳುವುದು, ವಶದಲ್ಲಿಟ್ಟುಕೊಳ್ಳುವುದು ಕಾನೂನಿನಲ್ಲಿಯೂ ಅಪರಾಧ. ಗೊತ್ತಿಲ್ಲದ ಜಾಗದಲ್ಲಿ ಬಿಟ್ಟ ಹಾವು ಬದುಕುತ್ತದೆಂಬ ಭರವಸೆಯೂ ಇಲ್ಲ. ಕೊಳ್ಳದೆ, ತಡಮಾಡದೆ ಅರಣ್ಯ ಇಲಾಖೆಗೆ ತಿಳಿಸುವುದೇ ಇಂದಿನ ಅಭಯದಾನ. ಅದರಲ್ಲಿ ಹಣದ ಖರ್ಚಿಲ್ಲ. ಊರಿನವನೊಬ್ಬನ ನಿಷ್ಠುರವನ್ನು ಕಟ್ಟಿಕೊಳ್ಳಬೇಕಾದೀತು. ಹಣ ಕೊಡುವುದಕ್ಕಿಂತ ಅದು ಕಠಿಣವಾದ ದಾನ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇದರಲ್ಲಿ ಹೊಣೆಯಿದೆ. ಅನೇಕ ಬಸದಿಗಳಿಗೆ ಜಮೀನುಗಳಿವೆ. ಪ್ರಾಕಾರದಲ್ಲಿ ಹುತ್ತಗಳಿವೆ, ಹಳೆಯ ಕಲ್ಲುಗಳ ರಾಶಿಯಿದೆ. ಅಲ್ಲಿ ಹಾವು ಕಂಡಾಗ ಹಿಡಿಯುವವನನ್ನು ಕರೆಸಿ, ಅವನು ಎಲ್ಲಿಗೆ ಒಯ್ದನೆಂದು ವಿಚಾರಿಸದೆ ಬಿಟ್ಟರೆ, ಧರ್ಮಸ್ಥಾನದ ಹಾವು ದಲ್ಲಾಳಿಯ ಚೀಲ ಸೇರಬಹುದು. ಕರೆಸಿದವನು ಯಾರು, ಇಲಾಖೆಗೆ ತಿಳಿಸಲಾಯಿತೇ, ಹಾವನ್ನು ಎಲ್ಲಿ ಬಿಟ್ಟರು ಎಂಬುದನ್ನು ಮಂಡಳಿಯು ಬರೆದಿಡುವುದು ಒಳಿತು. ಜಮೀನನ್ನು ಗೇಣಿಗೆ ಪಡೆದ ರೈತನಿಗೆ, ಇಲಿಯನ್ನು ತಿನ್ನುವ ಈ ಹಾವು ಅವನ ಬೆಳೆಯ ಕಾವಲುಗಾರನೆಂಬುದನ್ನು ತಿಳಿಸಿಕೊಡಬಹುದು. ಪಾಠಶಾಲೆಯ ಮಕ್ಕಳಿಗೆ ಪಾರ್ಶ್ವನಾಥ ಸ್ವಾಮಿಯ ಕಥೆಯನ್ನು ಹೇಳುವಾಗ, ಹೊಲದ ಮಣ್ಣುಮುಕ್ಕ ಹಾವಿನ ಮಾತನ್ನೂ ಸೇರಿಸಬಹುದು.

ತಲಕಾಡಿನ ಮರಳಿನಡಿಯಲ್ಲಿ ಹುದುಗಿದ ದೇಗುಲಗಳನ್ನು ಕಂಡವರೆಲ್ಲರಿಗೂ ಅಲಮೇಲಮ್ಮನ ಶಾಪದ ಐತಿಹ್ಯ ತಿಳಿದಿದೆ. ಪರರ ಒಡವೆಯ ಮೇಲೆ ಅರಮನೆಯು ಕಣ್ಣಿಟ್ಟದ್ದು ಆ ಶಾಪಕ್ಕೆ ಕಾರಣವೆಂದು ಜನರು ಇಂದಿಗೂ ಹೇಳುತ್ತಾರೆ. ಮರಳು ಬಂದದ್ದಕ್ಕೆ ನದಿ ಗಾಳಿಗಳ ಕಾರಣವನ್ನು ವಿದ್ವಾಂಸರು ವಿವರಿಸಲಿ; ಕೊಡದಿದ್ದುದನ್ನು ತೆಗೆದುಕೊಂಡರೆ ಊರೇ ಹಾಳಾಗುತ್ತದೆಂಬ ನೀತಿಯನ್ನು ಈ ಸೀಮೆಯ ಜನರು ಕಥೆಯಾಗಿ ಕಾಪಾಡಿಕೊಂಡಿದ್ದಾರೆ. ಅದತ್ತಾದಾನವೆಂದು ಜೈನಾಚಾರ್ಯರು ಹೆಸರಿಸಿದ್ದು ಅದನ್ನೇ. ಮಣ್ಣಿನೊಳಗಿನ ಹಾವು ತನ್ನ ಪ್ರಾಣವನ್ನು ಯಾರಿಗೂ ಕೊಟ್ಟಿಲ್ಲ.

ಕಾಯಿದೆಯ ಅನುಸೂಚಿಗಳನ್ನು ಸಂಸತ್ತು ಮುಂದೆಯೂ ಪರಿಷ್ಕರಿಸಬಹುದು. ಇಂದು ಮೊದಲನೆಯದರಲ್ಲಿರುವ ಜೀವಿಯು ಸಂಖ್ಯೆಯಲ್ಲಿ ಹೆಚ್ಚಿದರೆ ನಾಳೆ ಎರಡನೆಯದಕ್ಕೆ ಇಳಿಯಬಹುದು. ಇಂದು ಯಾರೂ ಲೆಕ್ಕಿಸದ ಇನ್ನೊಂದು ಜೀವಿ ಮೇಲಕ್ಕೆ ಏರಬಹುದು. ರಾಜ್ಯವು ನಡೆಯಬೇಕಾದ ರೀತಿಯೇ ಅದು. ಶ್ರಾವಕನ ವ್ರತಕ್ಕೆ ಮಾತ್ರ ಇಂತಹ ಅನುಸೂಚಿಗಳಿಲ್ಲ. ವರ್ಷದ ಕೊನೆಯಲ್ಲಿ ಕಿರ್ದಿ ಖಾತೆಗಳನ್ನು ತಾಳೆ ನೋಡುವ ವರ್ತಕನು, ತನ್ನ ಹಣವು ಯಾವ ಜೀವದ ಬೆಲೆಯಾಗಿ ಹೋಯಿತು, ಯಾವ ಜೀವದ ಬೆಲೆಯಾಗಿ ಬಂದಿತು ಎಂಬ ಒಂದು ಬಾಬನ್ನೂ ಅದರೊಡನೆ ನೋಡಿಕೊಂಡರೆ, ಕಪಿಲೆಯ ದಡದ ಹೊಲಗಳಲ್ಲಿ ಮಣ್ಣುಮುಕ್ಕ ಹಾವು ತನ್ನ ಬಿಲದಲ್ಲಿ ನಿರ್ಭಯವಾಗಿ ಉಳಿದೀತು.